ತೋಪೋ, ಕಂಬವೋ, ದೇವಿಯೋ?

ಬೈಬಲ್ಲಿನ ‘ನ್ಯಾಯಸ್ಥಾಪಕರು’ ಗ್ರಂಥದಲ್ಲಿ ಗಿದ್ಯೋನನ ಕಥೆ ಬರುತ್ತದೆ. ಅವನ ತಂದೆಯ ಜಾಗದಲ್ಲಿ ಬಾಳ್ ದೇವರ ಬಲಿಪೀಠವಿತ್ತು, ಅದರ ಪಕ್ಕದಲ್ಲೇ ಮತ್ತೊಂದು ಪೂಜಾವಸ್ತುವೂ ಇತ್ತು. ಎರಡನ್ನೂ ಕೆಡವು ಎಂದು ಗಿದ್ಯೋನನಿಗೆ ದೈವಾಜ್ಞೆಯಾಯಿತು. ಮನೆಯವರಿಗೂ ಊರವರಿಗೂ ಹೆದರಿದ ಅವನು ಹತ್ತು ಆಳುಗಳನ್ನು ಕಟ್ಟಿಕೊಂಡು ರಾತ್ರಿ ಹೊತ್ತು ಹೊರಟ. ಪೀಠವನ್ನು ಒಡೆದ, ಪಕ್ಕದಲ್ಲಿದ್ದುದನ್ನು ಕಡಿದ, ಕಡಿದ ಕಟ್ಟಿಗೆಯಲ್ಲೇ ಹೋರಿಯನ್ನು ಬಲಿಯಾಗಿ ಸುಟ್ಟ.

ಅವನು ಕಡಿದದ್ದು ಏನನ್ನು? ಕನ್ನಡದ ಒಂದು ಬೈಬಲ್ ಅನುವಾದದಲ್ಲಿ ಅದು ‘ತೋಪು’. ಇನ್ನೊಂದರಲ್ಲಿ ಅದು ‘ಅಶೇರ’ ಎಂಬ ವಿಗ್ರಹಸ್ತಂಭ. ಹತ್ತು ಜನ ಒಂದೇ ರಾತ್ರಿಯಲ್ಲಿ ತೋಪನ್ನೇ ಕಡಿದು ಬಲಿಯನ್ನೂ ಮುಗಿಸಿದರು ಎಂದರೆ ನಂಬುವುದು ಕಷ್ಟ. ಆದರೆ ತಪ್ಪು ಕನ್ನಡದಲ್ಲಿ ಹುಟ್ಟಿದ್ದಲ್ಲ. ಮೂಲದ ಹೀಬ್ರೂ ಪದ ‘ಅಶೇರಾ’. ಕ್ರಿಸ್ತಪೂರ್ವದಲ್ಲೇ ಹೀಬ್ರೂ ಗ್ರಂಥಗಳನ್ನು ಗ್ರೀಕಿಗೆ ತಂದವರು ಅದನ್ನು ‘ಪವಿತ್ರ ವನ’ ಎಂದು ಅರ್ಥಮಾಡಿಕೊಂಡರು. ಲ್ಯಾಟಿನ್ ಅನುವಾದ ಅದೇ ದಾರಿ ಹಿಡಿಯಿತು, 1611ರ ಕಿಂಗ್ ಜೇಮ್ಸ್ ಇಂಗ್ಲಿಷ್ ಬೈಬಲ್ ಅದನ್ನೇ ಮುಂದುವರಿಸಿತು. ಹೀಗೆ ಒಬ್ಬ ದೇವಿಯ ಹೆಸರು ಎರಡು ಸಾವಿರ ವರ್ಷ ಮರಗಳ ಗುಂಪಾಗಿ ಓದಿಸಿಕೊಂಡಿತು.

ಹೀಬ್ರೂ ಬೈಬಲ್ಲಿನಲ್ಲಿ ಈ ಪದ ಸುಮಾರು 40 ಕಡೆ ಬರುತ್ತದೆ. ಕೆಲವೆಡೆ ಅದನ್ನು ‘ನೆಡಬೇಡಿ’ ಎನ್ನುತ್ತದೆ, ಹಲವೆಡೆ ‘ಕಡಿಯಿರಿ’, ‘ಸುಡಿ’ ಎನ್ನುತ್ತದೆ. ಇಷ್ಟನ್ನೇ ನೋಡಿದರೆ ಮರ ಅಥವಾ ಕಂಬ ಎನ್ನಿಸುವುದು ಸಹಜ. ಸ್ಕಾಟ್ಲೆಂಡಿನ ವಿದ್ವಾಂಸ ವಿಲಿಯಂ ರಾಬರ್ಟ್‌ಸನ್ ಸ್ಮಿತ್ 1889ರಲ್ಲಿ ಸೆಮಿಟಿಕ್ ಜನರ ಧರ್ಮದ ಬಗ್ಗೆ ಪ್ರಕಟಿಸಿದ ಪ್ರಸಿದ್ಧ ಉಪನ್ಯಾಸಗಳಲ್ಲಿ ಅಶೇರಾ ಎಂದರೆ ಬರೀ ಕಂಬ, ಆ ಹೆಸರಿನ ದೇವತೆ ಇರಲಿಲ್ಲ ಎಂದೇ ವಾದಿಸಿದರು. ಹಾಗಾದರೆ ಈಜೆಬೆಲ್ ರಾಣಿಯ ಪಂಕ್ತಿಯಲ್ಲಿ ಉಣ್ಣುತ್ತಿದ್ದ ‘ಅಶೇರಾಳ 400 ಪ್ರವಾದಿಗಳು’ ಯಾರು? ಮನಸ್ಸೆ ಅರಸ ಜೆರುಸಲೇಮಿನ ದೇವಾಲಯದಲ್ಲೇ ನಿಲ್ಲಿಸಿದನೆಂಬ ‘ಅಶೇರಾಳ ಕೆತ್ತಿದ ವಿಗ್ರಹ’ ಯಾರದು? ಇಂಥ ಸಾಲುಗಳನ್ನು ಆಗಿನವರು ನಂತರದ ಸೇರ್ಪಡೆ ಎಂದೋ, ಅಷ್ಟೋರೆತ್ ದೇವಿಯ ಜೊತೆ ಆದ ಗೊಂದಲ ಎಂದೋ ಬದಿಗಿಟ್ಟರು.

1928ರಲ್ಲಿ ಸಿರಿಯಾದ ಲಟಾಕಿಯಾ ಪಟ್ಟಣದ ಉತ್ತರಕ್ಕೆ, ಕಡಲ ದಂಡೆಯ ಹೊಲವೊಂದರಲ್ಲಿ ರೈತನ ನೇಗಿಲು ಕಲ್ಲಿಗೆ ತಾಗಿತು. ಕಲ್ಲಿನಡಿ ಪುರಾತನ ಗೋರಿ ಇತ್ತು. ಮರುವರ್ಷ ಫ್ರೆಂಚ್ ಪುರಾತತ್ವಜ್ಞ ಕ್ಲೋಡ್ ಶೇಫರ್ ಅಲ್ಲಿ ಉತ್ಖನನ ಆರಂಭಿಸಿದರು. ಪಕ್ಕದ ರಾಸ್ ಶಮ್ರಾ ದಿಬ್ಬದೊಳಗೆ ಉಗರಿತ್ ಎಂಬ ಇಡೀ ನಗರವೇ ಮಲಗಿತ್ತು. ಕ್ರಿ.ಪೂ. 12ನೇ ಶತಮಾನದ ಆರಂಭದಲ್ಲಿ ಸುಟ್ಟು ಹಾಳಾದ ಮೇಲೆ ಆ ನಗರ ಮತ್ತೆ ಏಳಲೇ ಇಲ್ಲ. ಮೊದಲ ವರ್ಷವೇ ಜೇಡಿಮಣ್ಣಿನ ಫಲಕಗಳು ಸಿಕ್ಕವು. ನೋಡಲು ಬ್ಯಾಬಿಲೋನಿನ ಬೆಣೆಲಿಪಿಯಂತಿದ್ದರೂ ಅವುಗಳಲ್ಲಿದ್ದ ಚಿಹ್ನೆಗಳು ಕೇವಲ 30. ಅಷ್ಟು ಕಡಿಮೆ ಚಿಹ್ನೆಗಳೆಂದರೆ ಅದು ಅಕ್ಷರಮಾಲೆಯೇ ಇರಬೇಕು. ಹಾನ್ಸ್ ಬಾವರ್, ಎದುವಾರ್ ದೋರ್ಮ್, ಶಾರ್ಲ್ ವಿರೋಲೋ ಎಂಬ ಮೂವರು 1930ರ ಹೊತ್ತಿಗೆ ಅದನ್ನು ಓದಿಬಿಟ್ಟರು. ಲಿಪಿ ಬಾಯಿಬಿಟ್ಟಾಗ ಅದರಲ್ಲಿ ಮತ್ತೆ ಮತ್ತೆ ಕೇಳಿದ ಹೆಸರುಗಳಲ್ಲಿ ಒಂದು ‘ಅಥಿರತ್’.

ಉಗರಿತ್ ಭಾಷೆಯ ‘ಥ’ ಕಾರ ಹೀಬ್ರೂವಿನಲ್ಲಿ ‘ಶ’ ಆಗುತ್ತದೆ. ಸ್ತ್ರೀಲಿಂಗದ ಕೊನೆಯ ‘ತ್’ ಹೀಬ್ರೂವಿನಲ್ಲಿ ಬಿದ್ದುಹೋಗುತ್ತದೆ. ಈ ಎರಡು ನಿಯಮ ಹಚ್ಚಿದರೆ ಅಥಿರತ್ ನೇರವಾಗಿ ಅಶೇರಾ. ಇಲ್ಲವೇ ಇಲ್ಲ ಎಂದಿದ್ದ ದೇವಿ ಕಥೆ, ಕುಟುಂಬ, ಸ್ವಭಾವ ಎಲ್ಲದರ ಸಮೇತ ಮಣ್ಣಿನಿಂದೆದ್ದು ಬಂದಳು.

ಉಗರಿತ್ತಿನಲ್ಲಿ ಅವಳು ದೇವಪಿತ ‘ಏಲ್’ನ ಪತ್ನಿ, ದೇವತೆಗಳನ್ನು ಹೆತ್ತವಳು. ‘ಅಥಿರತಳ 70 ಮಕ್ಕಳು’ ಎಂದರೆ ದೇವಗಣವೆಲ್ಲ ಬಂತು. ಇಲಿಮಿಲ್ಕು ಎಂಬ ಲಿಪಿಕಾರ ಬರೆದಿಟ್ಟ ಬಾಳ್ ಕಾವ್ಯದಲ್ಲಿ ಅವಳು ಬರುವ ಸನ್ನಿವೇಶವೊಂದನ್ನು ಇಲ್ಲಿ ಬಿಡಿಸಿ ಹೇಳಬೇಕು. ಬಾಳನಿಗೆ ಸ್ವಂತ ಅರಮನೆ ಇಲ್ಲ. ಅದಕ್ಕೆ ಏಲ್ ಒಪ್ಪಬೇಕು. ಏಲ್ ಒಪ್ಪಬೇಕಾದರೆ ಅಥಿರತ್ ಹೇಳಬೇಕು. ಬಾಳ್ ಮತ್ತು ಅವನ ಸೋದರಿ ಅನತ್ ಬೆಳ್ಳಿಬಂಗಾರದ ಕಾಣಿಕೆ ಮಾಡಿಸಿಕೊಂಡು ಹೊರಡುತ್ತಾರೆ. ಅಥಿರತ್ ಆಗ ಕಡಲ ದಂಡೆಯಲ್ಲಿದ್ದಾಳೆ. ಕೈಯಲ್ಲಿ ನೂಲುವ ಕದಿರು, ನೀರಿನಲ್ಲಿ ಬಟ್ಟೆ, ಕೆಂಡದ ಮೇಲೆ ಗಡಿಗೆ. ದೂರದಲ್ಲಿ ಇಬ್ಬರೂ ಬರುವುದನ್ನು ಕಂಡು ಅವಳ ಕಾಲುಗಳು ನಡುಗುತ್ತವೆ, ಬೆನ್ನು ಬೆವರುತ್ತದೆ. ನನ್ನ ಮಕ್ಕಳನ್ನು ಕೊಲ್ಲಲು ಬಂದರೇನು ಎಂದು ಕಂಗಾಲಾಗುತ್ತಾಳೆ. ಆಮೇಲೆ ಬೆಳ್ಳಿಯ ಹೊಳಪು ಕಣ್ಣಿಗೆ ಬೀಳುತ್ತದೆ, ಜೀವ ತಣ್ಣಗಾಗುತ್ತದೆ. ಸೇವಕ ಕತ್ತೆಗೆ ತಡಿ ಹಾಕಿ ಅವಳನ್ನು ಹತ್ತಿಸಿಕೊಂಡು ಏಲ್‌ನ ಬಿಡಾರಕ್ಕೆ ಕರೆದೊಯ್ಯುತ್ತಾನೆ. ಹೆಂಡತಿಯನ್ನು ಕಂಡದ್ದೇ ಮುದಿ ದೇವನ ಮುಖ ಅರಳುತ್ತದೆ. ಹಸಿವಾಯಿತೆ, ಬಾಯಾರಿತೆ ಎಂದು ವಿಚಾರಿಸುತ್ತಾನೆ. ಅವಳು ಮೊದಲು ಅವನ ವಿವೇಕವನ್ನು ಹೊಗಳುತ್ತಾಳೆ, ಆಮೇಲೆ ಬಾಳನ ಮನೆಯ ಮಾತೆತ್ತುತ್ತಾಳೆ. ನಾನೇನು ಇಟ್ಟಿಗೆ ಹೊರುವ ಆಳೇ ಎಂದು ಏಲ್ ಗೊಣಗುತ್ತಾನೆ, ಆದರೂ ಮನೆ ಕಟ್ಟಲಿ ಎನ್ನುತ್ತಾನೆ.

ಅವಳು ಹರಕೆಯ ಲೆಕ್ಕವನ್ನೂ ಮರೆಯುವವಳಲ್ಲ. ಉಗರಿತ್ತಿನ ಇನ್ನೊಂದು ಕಾವ್ಯದಲ್ಲಿ ಕಿರ್ತ ಎಂಬ ಅರಸ ವಧುವನ್ನು ತರಲು ಹೋಗುತ್ತ ತೈರ್ ಮತ್ತು ಸೀದೋನಿನ ದೇವಿಯ ಗುಡಿಯ ಮುಂದೆ ನಿಲ್ಲುತ್ತಾನೆ. ಕೆಲಸ ಕೈಗೂಡಿದರೆ ವಧುವಿನ ಎರಡರಷ್ಟು ತೂಕದ ಬೆಳ್ಳಿ, ಮೂರರಷ್ಟು ತೂಕದ ಬಂಗಾರ ಒಪ್ಪಿಸುವೆನೆಂದು ಅಥಿರತಳಿಗೆ ಹರಕೆ ಹೊರುತ್ತಾನೆ. ಮದುವೆಯಾಗುತ್ತದೆ, ಏಳು ವರ್ಷದಲ್ಲಿ ಮಕ್ಕಳೂ ಆಗುತ್ತವೆ. ಅರಸ ಹರಕೆ ತೀರಿಸುವುದಿಲ್ಲ, ದೇವಿಗೆ ನೆನಪಿರುತ್ತದೆ. ಕಾವ್ಯದ ಮುಂದಿನ ಭಾಗದಲ್ಲಿ ಕಿರ್ತ ಸಾಯುವ ಸ್ಥಿತಿಯಲ್ಲಿ ಹಾಸಿಗೆ ಹಿಡಿದಿದ್ದಾನೆ.

ವಿಶ್ವಕೋಶಗಳು ಅಶೇರಾಳನ್ನು ಒಂದೇ ಮಾತಿನಲ್ಲಿ ‘ಫಲವಂತಿಕೆಯ ದೇವತೆ’ ಎಂದು ಮುಗಿಸುವುದನ್ನು ನೋಡಿದಾಗಲೆಲ್ಲ ನನಗೆ ಈ ಎರಡು ಕಥೆಗಳು ನೆನಪಾಗಿ ಬೇಸರವಾಗುತ್ತದೆ. ಹತ್ತೊಂಬತ್ತನೇ ಶತಮಾನದ ಕೊನೆಗೆ, ವಿಶೇಷವಾಗಿ ಜೇಮ್ಸ್ ಫ್ರೇಸರ್‌ನ ‘ದಿ ಗೋಲ್ಡನ್ ಬೋ’ ಗ್ರಂಥದ ಪ್ರಭಾವದಲ್ಲಿ, ಪ್ರಾಚೀನ ದೇವಿಯರಿಗೆಲ್ಲ ಈ ಒಂದೇ ಚೀಟಿ ಅಂಟಿಸುವ ರೂಢಿ ಬೆಳೆಯಿತು. ಅಥಿರತ್ ತಾಯಿ ಹೌದು. ಆದರೆ ಅಲ್ಲಿನ ಕವಿಗಳು ಕಂಡದ್ದು ಗಂಡನ ಆಸ್ಥಾನದಲ್ಲಿ ಮಾತು ನಡೆಯುವ, ಯಾರು ಅರಸನಾಗಬೇಕೆಂಬುದರಲ್ಲಿ ದನಿಯಿರುವ ಹಿರಿಯ ಒಡತಿಯನ್ನು. ಅವಳ ಹೆಸರೂ ಫಲವಂತಿಕೆಯ ಕಡೆಗೆ ಬೆರಳು ಮಾಡುವುದಿಲ್ಲ.

ಹೆಸರಿನ ವಿಚಾರಕ್ಕೆ ಬರೋಣ. ಸೆಮಿಟಿಕ್ ಭಾಷೆಗಳಲ್ಲಿ ಪದದ ಬೇರು ಸಾಮಾನ್ಯವಾಗಿ ಮೂರು ವ್ಯಂಜನ. ಕ-ತ-ಬ ಎಂಬ ಬೇರಿನಿಂದ ನಮಗೂ ಗೊತ್ತಿರುವ ಕಿತಾಬು, ಮಕ್ತಬ್ ಎರಡೂ ಬರುತ್ತವೆ. ಅಥಿರತ್‌ನ ಬೇರು ಅ-ಥ-ರ. ಇಲ್ಲಿನ ‘ಅ’ ನಾವು ತಿಳಿದ ಸ್ವರವಲ್ಲ, ಗಂಟಲು ಒಮ್ಮೆ ಮುಚ್ಚಿ ತೆರೆದಾಗ ಹೊರಡುವ ವ್ಯಂಜನ. ಇಷ್ತಾರ್, ಅಷ್ಟೋರೆತ್ ಎಂದು ಬೇರೆ ಬೇರೆ ಕಡೆ ಕರೆಸಿಕೊಂಡ ಇನ್ನೊಬ್ಬ ದೇವಿ ಉಗರಿತ್ತಿನಲ್ಲಿ ‘ಅಥ್ತರ್ತ್’. ಅವಳ ಹೆಸರಿನ ಮೊದಲಕ್ಷರ ಗಂಟಲಾಳದಿಂದ ಬರುವ ‘ಐನ್’. ಕನ್ನಡದಲ್ಲಿ ಎರಡನ್ನೂ ‘ಅ’ ಎಂದೇ ಬರೆಯಬೇಕಾಗಿ ಬಂದು ಇಬ್ಬರೂ ಅಕ್ಕತಂಗಿಯರಂತೆ ಕೇಳಿಸುತ್ತಾರೆ, ಆದರೆ ಹೆಸರಿನ ಬೇರು ಬೇರೆಬೇರೆ. ಹಳಬರಿಗೂ ಈ ಗೊಂದಲ ತಪ್ಪಿರಲಿಲ್ಲ. ಈಜಿಪ್ಟಿನ ಅಮರ್ನಾದಲ್ಲಿ 1887ರಲ್ಲಿ ಸಿಕ್ಕ ರಾಜತಾಂತ್ರಿಕ ಪತ್ರಗಳಲ್ಲಿ ಕ್ರಿ.ಪೂ. 14ನೇ ಶತಮಾನದ ಅಮುರ್ರು ದೇಶದ ಪಾಳೆಯಗಾರನೊಬ್ಬ ಬರುತ್ತಾನೆ. ಅವನು ಅಬ್ದಿ-ಅಶಿರ್ತ, ‘ಅಶಿರ್ತಳ ದಾಸ’. ಅಬ್ದುಲ್ ಎಂಬ ಹೆಸರಿನಲ್ಲಿರುವ ‘ಅಬ್ದ್’ ಇದೇ. ಪತ್ರ ಬರೆದ ಲಿಪಿಕಾರರು ಒಮ್ಮೊಮ್ಮೆ ಅವನ ಹೆಸರಿನೊಳಗೆ ಒಬ್ಬ ದೇವಿಯ ಬದಲು ಇನ್ನೊಬ್ಬಳನ್ನು ಬರೆದಿದ್ದಾರೆ.

ಅ-ಥ-ರ ಎಂದರೇನು? ಉಗರಿತ್ ಕಾವ್ಯಗಳಲ್ಲಿ ಅವಳ ಪೂರ್ಣ ಬಿರುದು ‘ರಬ್ಬತು ಅಥಿರತು ಯಮ್ಮಿ’. ರಬ್ಬತು ಎಂದರೆ ಒಡತಿ, ಯಮ್ ಎಂದರೆ ಕಡಲು. ಅಮೆರಿಕದ ವಿಲಿಯಂ ಆಲ್‌ಬ್ರೈಟ್ ಈ ಬೇರಿಗೆ ‘ಹೆಜ್ಜೆಯಿಡು, ತುಳಿ’ ಎಂಬ ಅರ್ಥ ಹಿಡಿದು ಇಡೀ ಬಿರುದನ್ನೇ ಒಂದು ವಾಕ್ಯವಾಗಿ ಓದಿದರು: ಕಡಲನ್ನು ತುಳಿದು ನಡೆಯುವ ಒಡತಿ. ಕಣ್ಣಿಗೆ ಕಟ್ಟುವ ಚಿತ್ರವಾದ್ದರಿಂದ ಅದು ಬೇಗ ಜನಪ್ರಿಯವಾಯಿತು, ಇಂದಿಗೂ ಎಲ್ಲೆಡೆ ಕಾಣುತ್ತದೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಕಾವ್ಯಗಳಲ್ಲಿ ಅವಳು ಕಡಲನ್ನು ತುಳಿದ ಪ್ರಸಂಗವೇ ಇಲ್ಲ, ಇರುವುದು ದಂಡೆಯಲ್ಲಿ ಬಟ್ಟೆ ಒಗೆಯುವ ಪ್ರಸಂಗ. ಅದಕ್ಕಿಂತ ದೊಡ್ಡ ತೊಡಕು ಕಾಲದ್ದು. ಉಗರಿತ್ ಫಲಕಗಳಿಗಿಂತ ನಾನೂರು ವರ್ಷ ಹಿಂದೆ, ಹಮ್ಮುರಾಬಿಯ ಕಾಲದ ಬ್ಯಾಬಿಲೋನಿನಲ್ಲೇ ಅವಳು ‘ಅಶ್ರತುಮ್’ ಎಂಬ ಹೆಸರಿನಿಂದ ಇದ್ದಾಳೆ. ಆ ಅರಸನ ಆಯುಸ್ಸಿಗಾಗಿ ಒಪ್ಪಿಸಿದ ಕಲ್ಲುಬರಹವೊಂದು ಅವಳನ್ನು ಆಕಾಶರಾಜನ ಸೊಸೆ ಎಂದು ಕರೆಯುತ್ತದೆ. ಅಲ್ಲಿ ಅವಳು ಅಮುರ್ರು ದೇವರ ಮಡದಿ, ಹುಲ್ಲುಗಾವಲ ಬಯಲಿನ ಒಡತಿ. ಕಡಲಿನ ಸುಳಿವೇ ಇಲ್ಲ. ಅಂದಮೇಲೆ ಕಡಲು ಅವಳಿಗೆ ಕರಾವಳಿಯಲ್ಲಿ ಅಂಟಿದ ವಿಶೇಷಣ, ಹೆಸರು ಅದಕ್ಕಿಂತ ಹಳೆಯದು.

ಹೀಬ್ರೂವಿನಲ್ಲಿ ಇದೇ ರೂಪದ ಇನ್ನೊಂದು ಬೇರಿಗೆ ಸುಖ, ಧನ್ಯತೆ ಎಂಬ ಅರ್ಥವಿದೆ. ‘ಆದಿಕಾಂಡ’ದಲ್ಲಿ ಲೇಯಾ ತನ್ನ ದಾಸಿಗೆ ಹುಟ್ಟಿದ ಮಗುವಿಗೆ ‘ಆಶೇರ್’ ಎಂದು ಹೆಸರಿಡುವುದು ಆ ಅರ್ಥದಲ್ಲಿ. ಅವಳ ಉದ್ಗಾರದಲ್ಲಿ ಮೊದಲು ದೇವಿಯ ಹೆಸರೇ ಇತ್ತು ಎಂದು ಊಹಿಸಿದವರೂ ಇದ್ದಾರೆ. ಕೇಳಲು ಚಂದ, ಆಧಾರ ತೆಳುವು.

ನನಗೆ ಹೆಚ್ಚು ಗಟ್ಟಿಯಾಗಿ ಕಾಣುವುದು ‘ಜಾಗ’ದ ಅರ್ಥ. ಅರಮಾಯಿಕ್ ಭಾಷೆಯಲ್ಲಿ ‘ಅತರ್’ ಎಂದರೆ ಸ್ಥಳ. ಅಕ್ಕಾಡಿಯನ್‌ನಲ್ಲಿ ‘ಅಶಿರ್ತು’ ಎಂದರೆ ಗುಡಿ, ಪವಿತ್ರ ಸ್ಥಾನ. ಫಿನೀಷಿಯನ್ ಶಾಸನಗಳಲ್ಲೂ ಈ ಪದ ಗುಡಿಗೆ ಬಳಕೆಯಾಗಿದೆ. ಅರಬಿಯಲ್ಲಿ ‘ಅಥರ್’ ಎಂದರೆ ಹೆಜ್ಜೆಗುರುತು, ಉಳಿದುಹೋದ ಕುರುಹು. ಈ ಅರಬಿ ಪದ ಫಾರ್ಸಿಯ ಬಾಯಲ್ಲಿ ‘ಅಸರ್’ ಆಗಿ ಕರ್ನಾಟಕದವರೆಗೂ ಬಂದಿದೆ. ವಿಜಯಪುರದ ಅಸರ್ ಮಹಲ್ ಅನ್ನು ಮುಹಮ್ಮದ್ ಆದಿಲ್ ಶಾಹ 1646ರ ಸುಮಾರಿಗೆ ಕಟ್ಟಿಸಿದ್ದು ನ್ಯಾಯಸಭೆಗಾಗಿ. ಪ್ರವಾದಿಯವರ ಕೇಶವೆಂದು ನಂಬಲಾದ ಪವಿತ್ರ ಕುರುಹನ್ನು ಅಲ್ಲಿಟ್ಟ ಮೇಲೆ ಅದಕ್ಕೆ ಆ ಹೆಸರು ನಿಂತಿತು. ದೇವಿಗೂ ಮಹಲಿಗೂ ಬೇರೆ ಯಾವ ನಂಟೂ ಇಲ್ಲ. ಆದರೆ ಹೆಜ್ಜೆ ಬಿದ್ದದ್ದು ಗುರುತಾಗಿ, ಗುರುತು ಇದ್ದಲ್ಲಿ ಜಾಗವಾಗಿ, ಆ ಜಾಗ ಪವಿತ್ರವಾಗುವ ಅರ್ಥದ ಓಟ ಈ ಒಂದು ಬೇರಿನಲ್ಲಿ ಎಷ್ಟು ಸಹಜವಾಗಿದೆ ಎನ್ನುವುದಕ್ಕೆ ಆ ಕಟ್ಟಡದ ಹೆಸರೇ ಸಾಕ್ಷಿ.

ಹೀಗೆ ನೋಡಿದರೆ ದೇವಿ ಬೇರೆ, ಅವಳು ನೆಲೆನಿಂತ ಜಾಗ ಬೇರೆ ಎಂಬ ಗೆರೆಯೇ ಹೆಸರಿನಲ್ಲಿ ಇರಲಿಲ್ಲ. ಮರವೋ ದೇವಿಯೋ ಎಂದು ಹಟ ಹಿಡಿದು ಕೇಳಿದವರು ನಾವು. ಅವಳನ್ನು ಪೂಜಿಸಿದವರಿಗೆ ಅದು ಪ್ರಶ್ನೆಯಾಗಿರಲಿಲ್ಲ ಎಂಬುದನ್ನು ಅವರ ಮಡಕೆಗಳು ತೋರಿಸುತ್ತವೆ.

ಲಾಕೀಷ್ ಎಂಬಲ್ಲಿ 1934ರಲ್ಲಿ ಸಿಕ್ಕ ಕ್ರಿ.ಪೂ. 13ನೇ ಶತಮಾನದ ಹೂಜಿಯ ಭುಜದ ಸುತ್ತ ಪ್ರಾಣಿಗಳ ಸಾಲಿದೆ. ಅವುಗಳ ಮೇಲೆ ಹರಕೆಯ ಒಂದು ಸಾಲು: ಮತ್ತನ್ ಎಂಬಾತ ತನ್ನ ಒಡತಿ ‘ಏಲತ್’ಗೆ ಕೊಟ್ಟ ಕಾಣಿಕೆ. ಏಲತ್ ಎಂದರೆ ದೇವಿ. ಉಗರಿತ್ತಿನಲ್ಲಿ ಅದು ಅಥಿರತಳ ಇನ್ನೊಂದು ಹೆಸರು. ಆ ಪದ ಸರಿಯಾಗಿ ಎಲ್ಲಿ ಬಿದ್ದಿದೆ ಎಂದರೆ, ಎರಡು ಕಾಡುಮೇಕೆಗಳು ಎರಡು ಕಡೆಯಿಂದ ಮುಖವಿಟ್ಟು ನಿಂತ ಮರದ ನೆತ್ತಿಯ ಮೇಲೆ. ತಾನಾಕ್‌ನಲ್ಲಿ 1968ರಲ್ಲಿ ಪಾಲ್ ಲ್ಯಾಪ್ ಅವರಿಗೆ ಸಿಕ್ಕ ಕ್ರಿ.ಪೂ. 10ನೇ ಶತಮಾನದ ಮಣ್ಣಿನ ಪೂಜಾಪೀಠ ನಾಲ್ಕು ಅಂತಸ್ತಿನದು. ಕೆಳಗಿನ ಅಂತಸ್ತಿನಲ್ಲಿ ನಗ್ನ ಸ್ತ್ರೀಯೊಬ್ಬಳು ಎರಡು ಸಿಂಹಗಳ ಕಿವಿ ಹಿಡಿದು ನಿಂತಿದ್ದಾಳೆ. ಕೆಳಗಿನಿಂದ ಮೂರನೆಯದರಲ್ಲಿ ಅಂಥವೇ ಎರಡು ಸಿಂಹ, ಆದರೆ ನಡುವೆ ಹೆಣ್ಣಿನ ಬದಲು ಮರ ಮತ್ತು ಮೇಕೆಗಳು. ಕುಂಬಾರನ ಮನಸ್ಸಿನಲ್ಲಿ ಎರಡೂ ಒಂದೇ ಆಗಿದ್ದವು ಎನ್ನದೆ ಬೇರೆ ದಾರಿ ನನಗೆ ಕಾಣದು.

1975–76ರಲ್ಲಿ ಝೇವ್ ಮೆಶೆಲ್ ಸಿನಾಯ್ ಮರುಭೂಮಿಯ ಕುಂತಿಲ್ಲತ್ ಅಜ್ರೂದ್ ಎಂಬ ಒಂಟಿ ದಿಬ್ಬದಲ್ಲಿ ಉತ್ಖನನ ನಡೆಸಿದರು. ಕ್ರಿ.ಪೂ. 800ರ ಸುಮಾರಿಗೆ ಅದು ದಾರಿಹೋಕರ ತಂಗುದಾಣ. ಅಲ್ಲಿ ಸುಮಾರು ಒಂದು ಮೀಟರ್ ಎತ್ತರದ ಎರಡು ಗುಡಾಣಗಳು ಚೂರುಚೂರಾಗಿ ಸಿಕ್ಕವು. ಚೂರು ಜೋಡಿಸಿದಾಗ ಅವುಗಳ ಮೈಮೇಲೆ ಮಸಿಯಲ್ಲಿ ಬರೆದ ಚಿತ್ರಗಳೂ ಬರಹಗಳೂ ಕಂಡವು. ಒಬ್ಬಾತ ತನ್ನವರಿಗೆ ‘ಸಮಾರ್ಯದ ಯೆಹೋವ ಮತ್ತು ಅವನ ಅಶೇರಾ’ ಹೆಸರಿನಲ್ಲಿ ಒಳ್ಳೆಯದನ್ನು ಹಾರೈಸಿದ್ದಾನೆ. ಇನ್ನೊಬ್ಬಾತ ‘ತೇಮಾನಿನ ಯೆಹೋವ ಮತ್ತು ಅವನ ಅಶೇರಾ’ ಎಂದಿದ್ದಾನೆ. ಇಸ್ರೇಲಿನ ಏಕದೇವನ ಪಕ್ಕದಲ್ಲಿ ಒಬ್ಬಳು! ಇದಕ್ಕೂ ಮೊದಲು, 1967ರಲ್ಲಿ, ಹೆಬ್ರೋನಿನ ಪಶ್ಚಿಮದ ಖಿರ್ಬೆತ್ ಎಲ್-ಕೋಮ್‌ನ ಗೋರಿಯೊಂದರಲ್ಲಿ ವಿಲಿಯಂ ಡೆವರ್ ಅವರಿಗೆ ಊರಿಯಾಹು ಎಂಬಾತನ ಬರಹ ಸಿಕ್ಕಿತ್ತು. ಅಲ್ಲೂ ಇದೇ ಜೋಡಿ.

ಪತ್ರಿಕೆಗಳು ‘ದೇವರಿಗೆ ಹೆಂಡತಿಯಿದ್ದಳು’ ಎಂದು ಬರೆದವು. ವ್ಯಾಕರಣಜ್ಞರು ತಡೆದರು. ಹೀಬ್ರೂವಿನಲ್ಲಿ ವ್ಯಕ್ತಿಯ ಅಂಕಿತನಾಮಕ್ಕೆ ‘ಅವನ’ ಎಂಬ ಪ್ರತ್ಯಯ ಹತ್ತುವುದಿಲ್ಲ. ಆದ್ದರಿಂದ ‘ಅವನ ಅಶೇರಾ’ ಎಂದರೆ ಅವನ ಗುಡಿಯ ಕಂಬವೇ ಹೊರತು ದೇವಿಯಲ್ಲ ಎಂದರು. ಮತ್ತೆ ಕೆಲವರು ಕೊನೆಯಲ್ಲಿರುವ ‘ಹೇ’ ಎಂಬ ಅಕ್ಷರ ಪ್ರತ್ಯಯವಲ್ಲ, ಹೆಸರಿನದೇ ಭಾಗ ಎಂದು ಓದಿದರು. ಒಂದು ಅಕ್ಷರದ ಸುತ್ತ ಗ್ರಂಥಗಳೇ ಬೆಳೆದವು. ಕಂಬವೇ ಇರಲಿ, ಬರಿಯ ಮರದ ತುಂಡಿನ ಹೆಸರಿನಲ್ಲಿ ಯಾರೂ ಆಶೀರ್ವಾದ ಬೇಡುವುದಿಲ್ಲ. ಆ ಮರದಲ್ಲಿ ಯಾರೋ ಇದ್ದಾಳೆಂಬ ನಂಬಿಕೆಯಿದ್ದರೇ ಬೇಡುವುದು. ಅಜ್ರೂದ್‌ನ ಗುಡಾಣಗಳಲ್ಲೊಂದರ ಮೇಲೆ ಕಾಡುಮೇಕೆಗಳ ನಡುವಿನ ಮರವೂ ಇದೆ, ಅದರಡಿಯಲ್ಲಿ ಸಿಂಹ ನಡೆಯುತ್ತಿದೆ.

ಆ ದಿಬ್ಬದಲ್ಲಿ ಮಗ್ಗದ ತೂಗುಗುಂಡುಗಳೂ ನೂರರಷ್ಟು ಬಟ್ಟೆಯ ತುಣುಕುಗಳೂ ಸಿಕ್ಕಿವೆ. ಕೆಲವು ತುಣುಕುಗಳಲ್ಲಿ ನಾರಿನ ನೂಲಿನೊಂದಿಗೆ ಬಣ್ಣದ ಉಣ್ಣೆ ಬೆರೆತಿದೆ. ಮೋಶೆಯ ಧರ್ಮಶಾಸ್ತ್ರ ಸಾಮಾನ್ಯರಿಗೆ ನಿಷೇಧಿಸಿದ ನೇಯ್ಗೆ ಇದು. ಜೆರುಸಲೇಮಿನಲ್ಲಿ ಯೋಷೀಯ ಅರಸ ಕ್ರಿ.ಪೂ. 622ರ ಸುಮಾರಿಗೆ ನಡೆಸಿದ ಶುದ್ಧೀಕರಣದ ವರದಿಯಲ್ಲೂ ನೇಯ್ಗೆ ಬರುತ್ತದೆ. ಅವನು ದೇವಾಲಯದೊಳಗಿದ್ದ ಅಶೇರಾಳನ್ನು ಹೊರಗೆಳೆಸಿ ಕಿದ್ರೋನ್ ಹಳ್ಳದಲ್ಲಿ ಸುಡಿಸಿದ, ಬೂದಿಯನ್ನು ಸಾಮಾನ್ಯ ಜನರ ಗೋರಿಗಳ ಮೇಲೆ ಎರಚಿಸಿದ. ಅದೇ ಆವರಣದಲ್ಲಿ ಹೆಂಗಸರು ಅಶೇರಾಳಿಗಾಗಿ ವಸ್ತ್ರ ನೇಯುತ್ತಿದ್ದ ಮನೆಗಳನ್ನೂ ಕೆಡವಿಸಿದ. ಅರಸರ ಚರಿತ್ರೆ ಬರೆದವನಿಗೆ ಇದು ಹೊಲಸು ತೆಗೆದ ಕೆಲಸ. ನನ್ನ ಮನಸ್ಸು ನಿಲ್ಲುವುದು ಮಗ್ಗದ ಮುಂದೆ ಕೂತಿದ್ದ ಆ ಹೆಂಗಸರ ಬಳಿ. ಒಬ್ಬರ ಹೆಸರೂ ಉಳಿದಿಲ್ಲ. ಆದರೆ ಅವರು ಕದ್ದುಮುಚ್ಚಿ ಪೂಜಿಸುತ್ತಿರಲಿಲ್ಲ, ದೇವಾಲಯದ ಆವರಣದಲ್ಲೇ ಅವರಿಗೆ ಮನೆಗಳಿದ್ದವು. ರಾಫೇಲ್ ಪಟಾಯ್ 1967ರ ತಮ್ಮ ‘ದಿ ಹೀಬ್ರೂ ಗಾಡೆಸ್’ ಪುಸ್ತಕದಲ್ಲಿ ಬೈಬಲ್ಲಿನ ಕಾಲಗಣನೆಯನ್ನೇ ಹಿಡಿದು ಲೆಕ್ಕ ಹಾಕಿದ್ದಾರೆ: ಸೊಲೊಮೋನನ ದೇವಾಲಯ ನಿಂತಿದ್ದ 370 ವರ್ಷಗಳಲ್ಲಿ 236 ವರ್ಷ ಅಶೇರಾ ಅದರೊಳಗಿದ್ದಳು. ಲೆಕ್ಕದಲ್ಲಿ ಒಂದಿಷ್ಟು ಹೆಚ್ಚುಕಡಿಮೆ ಮಾಡಿದರೂ ‘ಪರಕೀಯ ದೇವತೆ’ ಎಂಬ ಮಾತು ನಿಲ್ಲುವುದಿಲ್ಲ.

ಆ ಕಾಲದ ಯೆಹೂದದ ಮನೆಗಳಲ್ಲಿ ಎರಡೂ ಕೈಯಿಂದ ಎದೆ ಹಿಡಿದ, ಸೊಂಟದ ಕೆಳಗೆ ಕಂಬದಂತಿರುವ ಮಣ್ಣಿನ ಪುಟ್ಟ ಬೊಂಬೆಗಳು ನೂರಾರು ಸಿಕ್ಕಿವೆ. ಅವು ಅವಳವೇ ಎಂಬುದನ್ನು ಹೇಳುವ ಬರಹ ಒಂದರ ಮೇಲೂ ಇಲ್ಲ, ಅದಕ್ಕೇ ಅವುಗಳ ಮೇಲೆ ಹೆಚ್ಚು ಭಾರ ಹಾಕಲಾರೆ. ಆದರೆ ಎಕ್ರೋನ್ ನಗರದ ಜಾಡಿಗಳು ಸ್ಪಷ್ಟವಾಗಿ ಮಾತಾಡುತ್ತವೆ. ಫಿಲಿಷ್ಟಿಯರ ಆ ಊರು ಕ್ರಿ.ಪೂ. 7ನೇ ಶತಮಾನದಲ್ಲಿ ಆಲಿವ್ ಎಣ್ಣೆಯ ದೊಡ್ಡ ಕೇಂದ್ರ. ಟ್ರೂಡ್ ದೋತಾನ್ ಮತ್ತು ಸೀಮೋರ್ ಗಿಟಿನ್ ನಡೆಸಿದ ಉತ್ಖನನದಲ್ಲಿ ಸಿಕ್ಕ ಜಾಡಿಗಳ ಮೇಲೆ ‘ಅಶೇರತ್‌ಗೆ ಮೀಸಲು’ ಎಂದು ಬರೆದಿದೆ. ಹೀಬ್ರೂವಿನಲ್ಲಿ ಬಿದ್ದುಹೋದ ಕೊನೆಯ ‘ತ್’ ಅಲ್ಲಿನ್ನೂ ಉಳಿದಿತ್ತು. ಕ್ರಿ.ಪೂ. 604ರ ಸುಮಾರಿಗೆ ಬ್ಯಾಬಿಲೋನಿನ ನೆಬುಕದ್ನೆಚ್ಚರನ ಸೈನ್ಯ ಆ ಊರನ್ನು ಸುಟ್ಟಿತು.

ಅಲ್ಲಿಂದ ಎಂಟು ಶತಮಾನ ಕಳೆದು, ಕ್ರಿ.ಶ. 200ರ ಸುಮಾರಿಗೆ ಸಂಕಲನವಾದ ಯಹೂದಿ ಧರ್ಮಶಾಸ್ತ್ರ ‘ಮಿಶ್ನಾ’ದಲ್ಲಿ ಅಶೇರಾ ಮತ್ತೆ ಬರುತ್ತಾಳೆ, ದೇವಿಯಾಗಿ ಅಲ್ಲ, ಬರೀ ಮರವಾಗಿ. ಅಶೇರಾ ಮೂರು ಬಗೆ ಎನ್ನುತ್ತಾರೆ ರಬ್ಬಿಗಳು: ಪೂಜೆಗೆಂದೇ ನೆಟ್ಟದ್ದು, ಪೂಜೆಗೆಂದು ಆಮೇಲೆ ಕೊಂಬೆ ಸವರಿದ್ದು, ವಿಗ್ರಹವನ್ನು ಅಡಿಯಲ್ಲಿಟ್ಟು ಆಮೇಲೆ ತೆಗೆದದ್ದು. ಅದರ ನೆರಳಲ್ಲಿ ಕೂರುವಂತಿಲ್ಲ. ಅದರ ಕಟ್ಟಿಗೆಯಿಂದ ಹೊಸ ಒಲೆ ಕಾಯಿಸಿದರೆ ಒಲೆಯನ್ನೇ ಒಡೆಯಬೇಕು, ಅದರಲ್ಲಿ ಬೆಂದ ರೊಟ್ಟಿಯನ್ನು ತಿನ್ನಬಾರದು. ಆ ಮರದಿಂದ ಮಾಡಿದ ಲಾಳಿಯಲ್ಲಿ ನೇಯ್ದ ಬಟ್ಟೆ ನಿಷಿದ್ಧ. ಆ ಬಟ್ಟೆ ಬೇರೆ ಬಟ್ಟೆಗಳಲ್ಲಿ ಬೆರೆತುಹೋದರೆ ಅಷ್ಟೂ ನಿಷಿದ್ಧ. ಬಟ್ಟೆಯನ್ನೆಲ್ಲ ಕಳೆದುಕೊಳ್ಳಬೇಕಿಲ್ಲ, ಅದರಿಂದ ಬಂದ ಲಾಭದಷ್ಟು ಹಣವನ್ನು ಮೃತಸಮುದ್ರಕ್ಕೆ ಎಸೆದರೆ ಸಾಕು ಎಂದು ರಬ್ಬಿ ಎಲೀಯೆಜರ್ ಸೂಚಿಸಿದರು. ಉಳಿದವರು ಒಪ್ಪಲಿಲ್ಲ.